ಪ್ರತಿ ಪುಶ್‌ಗೂ ಟೆಸ್ಟ್ ತಾನಾಗಿ ಓಡಬೇಕು

ಉಡುಪಿಯಲ್ಲಿ ಕೂತು ತುಳು-ಕನ್ನಡ ಪದಕೋಶದ ಓಪನ್ ಸೋರ್ಸ್ ಆ್ಯಪ್ ಮಾಡ್ತಿದ್ದೀರಿ ಅಂದುಕೊಳ್ಳಿ. ಬದಲಿಸಿದ ಕೋಡನ್ನು ಗಿಟ್‌ಹಬ್‌ಗೆ (ಕೋಡ್ ಇಡುವ ತಾಣ) ಕಳಿಸುವುದೇ ಪುಶ್. ಮೊದಲು ಒಂದೇ ಒಂದು ಟೆಸ್ಟ್, ಅಂದರೆ ಆ್ಯಪ್ ಸರಿಯಾಗಿ ಕೆಲಸ ಮಾಡುತ್ತಾ ಅಂತ ನೋಡುವ ಚಿಕ್ಕ ಕೋಡ್, ಬರೆಯಿರಿ. ‘ಕೋರಿ ರೊಟ್ಟಿ’ ಹುಡುಕಿದರೆ ಸಿಗಬೇಕು, ಅಷ್ಟೇ. ಸುಲಭ ಅನಿಸುತ್ತೆ ಅಲ್ವಾ? ಆದರೆ ಕಂಪ್ಯೂಟರ್ ಅಕ್ಷರಗಳನ್ನು ಸಂಕೇತಗಳಾಗಿ ಇಡುವ ಯೂನಿಕೋಡ್‌ನಲ್ಲಿ ‘ಕೋ’ ಅನ್ನುವುದನ್ನು 2 ಸಂಕೇತಗಳಲ್ಲೂ ಬರೆಯಬಹುದು, ಬಿಡಿಸಿ 4 ಸಂಕೇತಗಳಲ್ಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹೋಲಿಸಿ ನೋಡುವ ಕೋಡ್‌ಗೆ ಮಾತ್ರ ಬೇರೆ ಬೇರೆ. ಎರಡೂ ರೂಪಗಳನ್ನು ಟೆಸ್ಟ್‌ನಲ್ಲಿ ಹಾಕಿ, ಹೋಲಿಸುವ ಮುಂಚೆ ನಾರ್ಮಲೈಸ್ ಮಾಡಿ, ಅಂದರೆ ಎರಡನ್ನೂ ಒಂದೇ ರೂಪಕ್ಕೆ ತನ್ನಿ.

ಈಗ ಗಿಟ್‌ಹಬ್ ಆ್ಯಕ್ಷನ್ಸ್, ಟೆಸ್ಟ್ ತಾನಾಗಿ ಓಡುವಂತೆ ಮಾಡುವ ಗಿಟ್‌ಹಬ್‌ನ ಸೌಲಭ್ಯ. ರೆಪೊದಲ್ಲಿ (ಗಿಟ್‌ಹಬ್‌ನಲ್ಲಿ ನಿಮ್ಮ ಕೋಡ್ ಇರುವ ಜಾಗ) ಚುಕ್ಕಿಯಿಂದ ಶುರುವಾಗುವ ‘ಗಿಟ್‌ಹಬ್’ (.github) ಫೋಲ್ಡರ್, ಅದರೊಳಗೆ ‘ವರ್ಕ್‌ಫ್ಲೋಸ್’ (workflows) ಫೋಲ್ಡರ್, ಅಲ್ಲಿ ಏನೇನು ಓಡಬೇಕು ಅಂತ ಬರೆದ ಒಂದು ಯಾಮೆಲ್ (YAML) ಫೈಲ್ ಇಡಿ. ಪುಶ್ ಮತ್ತು ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಎರಡಕ್ಕೂ ಓಡಲಿ: ಕೋಡ್ ಚೆಕ್‌ಔಟ್ (ರೆಪೊದಿಂದ ಕೋಡ್ ತರುವುದು), ಪೈಥಾನ್ ಇನ್‌ಸ್ಟಾಲ್, ಬೇಕಾದ ಲೈಬ್ರರಿಗಳು, ಕೊನೆಗೆ ಟೆಸ್ಟ್ ಓಡಿಸುವ ಪೈಟೆಸ್ಟ್. ಇಂಡೆಂಟ್‌ಗೆ ಟ್ಯಾಬ್ ಒತ್ತಲೇಬೇಡಿ, ಸ್ಪೇಸ್ ಮಾತ್ರ. ಪಬ್ಲಿಕ್ ರೆಪೊಗೆ ಸಾಮಾನ್ಯ ರನ್ನರ್‌ಗಳು (ಟೆಸ್ಟ್ ಓಡಿಸುವ ಗಿಟ್‌ಹಬ್‌ನ ಕಂಪ್ಯೂಟರ್‌ಗಳು) ಉಚಿತ, ಮಳೆಗಾಲದಲ್ಲಿ ನಿಮ್ಮ ಮನೆಯ ಕರೆಂಟ್ ಹೋದರೂ ಟೆಸ್ಟ್ ಅಲ್ಲಿ ಓಡುತ್ತಲೇ ಇರುತ್ತೆ.

ಒಮ್ಮೆ ಬೇಕಂತಲೇ ಟೆಸ್ಟ್ ಕೆಡಿಸಿ ಪುಶ್ ಮಾಡಿ. ಕೆಂಪು ಗುರುತು ಬಂತಾ? ಬರದಿದ್ದರೆ ಟೆಸ್ಟ್ ಓಡಿಯೇ ಇಲ್ಲ, ಲಾಗ್ ತೆರೆದು ನೋಡಿ. ಆಮೇಲೆ ರೆಪೊದ ಸೆಟ್ಟಿಂಗ್ಸ್‌ನಲ್ಲಿ, ಈ ಚೆಕ್ ಪಾಸಾಗದೆ ಯಾವ ಬದಲಾವಣೆಯೂ ಮುಖ್ಯ ಬ್ರಾಂಚ್‌ಗೆ (ಕೋಡ್‌ನ ಮುಖ್ಯ ಪ್ರತಿ) ಮರ್ಜ್ ಆಗದಂತೆ, ಅಂದರೆ ಸೇರದಂತೆ, ನಿಯಮ ಹಾಕಿ.