ಹಿತ್ತಲ ಕಾರಂಜಿಗೆ ಹಮ್ಮಿಂಗ್‌ಬರ್ಡ್ ಬಂತು: ನನ್ನ ಅನುಭವ

ನಾವಿರುವ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಮೇ ಮುಗಿದರೆ ಅಕ್ಟೋಬರ್ ತನಕ ಮಳೆ ಇಲ್ಲವೇ ಇಲ್ಲ ಅನ್ನಬಹುದು. ಜೂನ್ ಬಂತೆಂದರೆ ಮಳೆ ಅಂತ ಬೆಳೆದ ನಮ್ಮಂಥವರಿಗೆ ಇದು ಒಗ್ಗಲು ತುಂಬಾ ಸಮಯ ಬೇಕು. ಇಲ್ಲಿ ಜೂನ್‌ನಲ್ಲಿ ಗುಡ್ಡಗಳ ಹುಲ್ಲೆಲ್ಲ ಒಣಗಿ ಹಳದಿಯಾಗುತ್ತದೆ. ಸಣ್ಣ ಹಳ್ಳಗಳು ಬತ್ತುತ್ತವೆ. ಆ ಆರು ತಿಂಗಳು ಹಕ್ಕಿಗಳಿಗೆ ಶುದ್ಧ ನೀರು ಸಿಗುವುದೇ ಕಷ್ಟ. ಹಿತ್ತಲಲ್ಲಿ ಒಂದು ಪುಟ್ಟ ಕಾರಂಜಿ ಮಾಡಬೇಕು ಅಂತ ನನಗೆ ಅನ್ನಿಸಿದ್ದು ಇದಕ್ಕೇ.

ಹೂವಿನ ಮಕರಂದ ಕುಡಿಯುವ ಪುಟ್ಟ ಹಕ್ಕಿ ಹಮ್ಮಿಂಗ್‌ಬರ್ಡ್‌ಗೆಂದು ಸಕ್ಕರೆ ನೀರಿನ ಫೀಡರ್ ನಮ್ಮಲ್ಲಿ ಮೊದಲೇ ಇತ್ತು. ಒಂದು ಪಾಲು ಬಿಳಿ ಸಕ್ಕರೆಗೆ ನಾಲ್ಕು ಪಾಲು ನೀರು, ಅಷ್ಟೇ. ಕೆಂಪು ಬಣ್ಣ ಹಾಕಬಾರದು. ಜೇನು ಬೇಡ, ಅದರಲ್ಲಿ ಬೂಸ್ಟು ಬೇಗ ಬೆಳೆಯುತ್ತದೆ. ಬೆಲ್ಲ ಒಳ್ಳೆಯದಲ್ವಾ ಅಂತ ಊರಿಂದ ಬಂದವರು ಕೇಳುತ್ತಾರೆ. ಬೆಲ್ಲದಲ್ಲಿರುವ ಕಬ್ಬಿಣದ ಅಂಶ ಈ ಹಕ್ಕಿಗೆ ಆಗಿಬರುವುದಿಲ್ಲ. ಫೀಡರ್‌ನಿಂದ ಹಮ್ಮಿಂಗ್‌ಬರ್ಡ್ ಬರುವುದೇನೋ ನಿಜ. ಆದರೆ ಒಂದೇ ಗಂಡು ಹಕ್ಕಿ ಅದನ್ನು ತನ್ನ ಸ್ವತ್ತು ಮಾಡಿಕೊಳ್ಳುತ್ತದೆ. ಪಕ್ಕದ ಕೊಂಬೆಯ ತುದಿಯಲ್ಲಿ ಕೂತು ಕಾವಲು ಕಾಯುತ್ತದೆ. ಬೇರೆ ಯಾವುದು ಬಂದರೂ ಅಟ್ಟಿಸಿಕೊಂಡು ಹೋಗುತ್ತದೆ. ನೀರಿನ ಹತ್ತಿರ ಅಷ್ಟು ಜಗಳ ನಾನು ಕಂಡಿಲ್ಲ. ಒಂದು ಸ್ನಾನ ಮುಗಿಸಿ ಹೋಗುತ್ತದೆ, ಇನ್ನೊಂದು ಬರುತ್ತದೆ. ಕಾಳು ಮುಟ್ಟದ, ಸಕ್ಕರೆ ನೀರು ಕುಡಿಯದ ಹಕ್ಕಿಗಳೂ ಬರುತ್ತವೆ. ಹಕ್ಕಿ ನೋಡುವ ಆಸೆ ಇದ್ದವರು ಫೀಡರ್‌ಗಿಂತ ಮೊದಲು ನೀರು ಇಡಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ಕಡೆ ವರ್ಷವಿಡೀ ಇರುವುದು ಆ್ಯನಾಸ್ ಹಮ್ಮಿಂಗ್‌ಬರ್ಡ್. ಉದ್ದ ಸುಮಾರು 10 ಸೆಂಟಿಮೀಟರ್, ತೂಕ 4 ಗ್ರಾಂ ಆಸುಪಾಸು. ಗಂಡಿನ ತಲೆ ಮತ್ತು ಗಂಟಲು ನೆರಳಲ್ಲಿ ಕಪ್ಪಾಗಿಯೇ ಕಾಣುತ್ತವೆ. ಬಿಸಿಲಿಗೆ ಮುಖ ತಿರುಗಿಸಿದರೆ ಸಾಕು, ಕಡು ಗುಲಾಬಿ ಬಣ್ಣ ಫಳ್ ಅನ್ನುತ್ತದೆ. 20ನೇ ಶತಮಾನದ ಆರಂಭದಲ್ಲಿ ಈ ಹಕ್ಕಿ ಗೂಡು ಕಟ್ಟುತ್ತಿದ್ದುದು ದಕ್ಷಿಣ ಕ್ಯಾಲಿಫೋರ್ನಿಯಾ ಮತ್ತು ಅದಕ್ಕೆ ಹೊಂದಿಕೊಂಡ ಮೆಕ್ಸಿಕೋದ ಬಾಹಾ ಭಾಗದಲ್ಲಿ ಮಾತ್ರ. ಜನ ಮನೆಗಳ ಸುತ್ತ ಹೂವಿನ ಗಿಡ ಮರ ನೆಟ್ಟ ಹಾಗೆಲ್ಲ ಅದು ಉತ್ತರಕ್ಕೆ ಹಬ್ಬುತ್ತಾ ಹೋಯಿತು. ಈಗ ಕೆನಡಾದ ಪಶ್ಚಿಮ ಕರಾವಳಿಯಲ್ಲೂ ಇದೆ. ಅಂದರೆ ನಮ್ಮ ಹಿತ್ತಲುಗಳಲ್ಲಿ ನಾವು ಏನು ಇಡುತ್ತೇವೆ, ಏನು ನೆಡುತ್ತೇವೆ ಅನ್ನುವುದು ಈ ಹಕ್ಕಿಗೆ ನಿಜವಾಗಿಯೂ ಲೆಕ್ಕಕ್ಕೆ ಬರುತ್ತದೆ. ವಸಂತದಲ್ಲಿ ಆ್ಯಲೆನ್ಸ್ ಹಮ್ಮಿಂಗ್‌ಬರ್ಡ್ ಕೂಡ ಕಾಣುತ್ತದೆ. ಅಲಾಸ್ಕಾದ ತನಕ ಹೋಗುವ ರೂಫಸ್ ಇದೇ ದಾರಿಯಲ್ಲಿ ಹಾದುಹೋಗುತ್ತದೆ.

ಅಂಗಡಿಯಲ್ಲಿ ಸಿಗುವ ಮಾಮೂಲಿ ಬರ್ಡ್ ಬಾತ್, ಅಂದರೆ ಕಂಬದ ಮೇಲಿನ ಬೋಗುಣಿ, ಹಮ್ಮಿಂಗ್‌ಬರ್ಡ್‌ಗೆ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಅದರ ಕಾಲು ಬಹಳ ಚಿಕ್ಕದು. ಕೊಂಬೆ ಹಿಡಿದು ಕೂರಬಲ್ಲದು, ಸ್ವಲ್ಪ ಅಕ್ಕಪಕ್ಕ ಸರಿಯಬಲ್ಲದು, ಆದರೆ ನಡೆಯಲಾರದು. ಗುಬ್ಬಿಯ ಹಾಗೆ ನೀರಿಗಿಳಿದು ಮುಳುಗಿ ಏಳುವುದು ಅದರಿಂದ ಆಗದು. ಬಾಯಾರಿಕೆಯೂ ಅಷ್ಟಾಗಿ ಇಲ್ಲ, ಬೇಕಾದ ನೀರು ಬಹುಮಟ್ಟಿಗೆ ಮಕರಂದದಲ್ಲೇ ಸಿಗುತ್ತದೆ. ಅದು ನೀರಿಗೆ ಬರುವುದು ಸ್ನಾನಕ್ಕೆ. ಕಾಡಿನಲ್ಲಿ ಇಬ್ಬನಿ ಬಿದ್ದ ಎಲೆಗೆ ಮೈ ಉಜ್ಜುತ್ತದೆ, ಜಲಪಾತದ ತುಂತುರಿನಲ್ಲಿ ಹಾರಾಡುತ್ತದೆ, ಕಲ್ಲಿನ ಮೇಲೆ ತೆಳ್ಳಗೆ ಹರಿಯುವ ನೀರಿನಲ್ಲಿ ಹೊಟ್ಟೆ ಅದ್ದುತ್ತದೆ. ಹಾಗಾಗಿ ನನ್ನ ಕಾರಂಜಿಯಲ್ಲಿ ಮೂರು ಇರಬೇಕಿತ್ತು: ಕಲ್ಲಿನ ಮೇಲೆ ಅರ್ಧ ಸೆಂಟಿಮೀಟರ್‌ಗೂ ಕಡಿಮೆ ಆಳದ ಹರಿವು, ಸದಾ ಒದ್ದೆ ಇರುವ ಎಲೆಗಳು, ಬೇರೆ ಹಕ್ಕಿಗಳಿಗೆ ಒಂದೆರಡು ಇಂಚಿನ ಕೊಳ. ನೀರು ಎತ್ತರಕ್ಕೆ ಚಿಮ್ಮಬೇಕಿಲ್ಲ. ನೋಡಲು ಚಂದ ಅಷ್ಟೇ, ಜೋರಾಗಿ ಚಿಮ್ಮಿದರೆ ಹಕ್ಕಿ ಹೆದರುತ್ತದೆ, ಗಾಳಿಗೆ ನೀರೂ ಹಾಳು.

ಸಾಮಾನು ತಂದದ್ದೆಲ್ಲ ಹಾರ್ಡ್‌ವೇರ್ ಅಂಗಡಿಯಿಂದ. 5 ಗ್ಯಾಲನ್, ಅಂದರೆ ಸುಮಾರು 19 ಲೀಟರಿನ ಒಂದು ಪ್ಲಾಸ್ಟಿಕ್ ಬಕೆಟ್. ದೊಡ್ಡ ಕುಂಡಗಳ ಅಡಿಗೆ ಇಡುತ್ತಾರಲ್ಲ, ಆ ಥರದ ಅಗಲ ತಟ್ಟೆ. ಕಬ್ಬಿಣದ ಜಾಲರಿ, ಅರ್ಧ ಇಂಚಿನ ಪೈಪು, ನೀರಲ್ಲಿ ಮುಳುಗಿಸುವ ಸಣ್ಣ ಪಂಪ್, ನುಣುಪಾದ ಹೊಳೆಗಲ್ಲುಗಳು, ಒಂದು ಚಪ್ಪಟೆ ಮರಳುಗಲ್ಲು.

ಬಕೆಟ್ಟನ್ನು ಅಂಚಿನ ತನಕ ನೆಲದಲ್ಲಿ ಹೂತೆ. ಅಂಚು ನೆಲಕ್ಕಿಂತ ಒಂದು ಬೆರಳು ಮೇಲಿರಬೇಕು, ಇಲ್ಲದಿದ್ದರೆ ಚಳಿಗಾಲದ ಮಳೆಯಲ್ಲಿ ಮಣ್ಣೆಲ್ಲ ಒಳಗೆ ಹೋಗುತ್ತದೆ. ಬಕೆಟ್‌ನ ಬಾಯಿಗೆ ಅಡ್ಡಲಾಗಿ ಎರಡು ಪದರ ಜಾಲರಿ ಹಾಸಿದೆ, ಕಲ್ಲಿನ ಭಾರ ಬರೀ ಪ್ಲಾಸ್ಟಿಕ್ ತಟ್ಟೆ ತಡೆಯುವುದಿಲ್ಲ. ಅದರ ಮೇಲೆ ತಟ್ಟೆ. ತಟ್ಟೆಯ ನಡುವೆ ಪೈಪಿಗೆ ಒಂದು ತೂತು. ನೀರು ವಾಪಸ್ ಬಕೆಟ್‌ಗೆ ಇಳಿಯಲು ಇನ್ನೂ ಕೆಲವು ಸಣ್ಣ ತೂತು ಬೇಕು. ಅವನ್ನು ತಳದಲ್ಲಿ ಕೊರೆದು ಹಾಗೇ ಬಿಡಲಿಲ್ಲ. ತಳದಿಂದ ಒಂದೂವರೆ ಇಂಚು ಎತ್ತರದ ಗಿಡ್ಡ ಪೈಪಿನ ತುಂಡುಗಳನ್ನು ತೂತಿಗೆ ಕೂರಿಸಿ ಸುತ್ತ ಸಿಲಿಕಾನ್ ಹಚ್ಚಿದೆ. ಹೀಗೆ ಮಾಡಿದರೆ ತಟ್ಟೆಯಲ್ಲಿ ಯಾವಾಗಲೂ ಅಷ್ಟು ನೀರು ನಿಂತಿರುತ್ತದೆ, ಜಾಸ್ತಿಯಾದದ್ದು ಕೆಳಗಿಳಿಯುತ್ತದೆ. ಒಂದು ಕಡೆ ಹೊಳೆಗಲ್ಲುಗಳನ್ನು ಇಳಿಜಾರಾಗಿ ಜೋಡಿಸಿದೆ. ಹಕ್ಕಿ ಒಮ್ಮೆಲೇ ಆಳಕ್ಕೆ ಇಳಿಯುವುದಿಲ್ಲ, ಅಂಚಿನಿಂದ ಒಂದೊಂದೇ ಹೆಜ್ಜೆ ಇಡುತ್ತದೆ.

ಬಕೆಟ್ಟಿನೊಳಗಿನ ಪಂಪಿನ ಪೈಪು ಚಪ್ಪಟೆ ಮರಳುಗಲ್ಲಿನ ತೂತಿನಿಂದ ಮೇಲೆ ಬರಬೇಕು. ಆ ಕಲ್ಲಿನಲ್ಲಿ ತೂತು ಕೊರೆಯುವುದು ತಾಳ್ಮೆಯ ಕೆಲಸ. ಕಲ್ಲಿಗೆಂದೇ ಇರುವ ಬಿಟ್ ಹಾಕಿ, ಡ್ರಿಲ್ ನಿಧಾನಕ್ಕೆ ತಿರುಗಿಸುತ್ತಾ, ಆಗಾಗ ನೀರು ಹನಿಸುತ್ತಾ ಹೋಗಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಬೇಕೇ ಬೇಕು, ಆ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಪಾಲಿಶ್ ಮಾಡಿದ ಗ್ರಾನೈಟ್ ಬೇಡ. ಒರಟು ಕಲ್ಲಿನ ಮೇಲೆ ನೀರು ಹರಡಿಕೊಳ್ಳುತ್ತದೆ, ಪುಟ್ಟ ಉಗುರಿಗೂ ಹಿಡಿತ ಸಿಗುತ್ತದೆ. ಒಬ್ಬರೇ ಎತ್ತಿ ಪಕ್ಕಕ್ಕಿಡುವಷ್ಟು ತೂಕದ ಕಲ್ಲು ಆರಿಸಿಕೊಳ್ಳಿ. ಪಂಪ್ ತೊಳೆಯಲು ಪ್ರತಿ ಸಲ ಅದನ್ನು ಎತ್ತಲೇಬೇಕು.

ಪಂಪ್ ಆರಿಸುವಾಗ ಜನ ಗಂಟೆಗೆ ಎಷ್ಟು ಗ್ಯಾಲನ್ ಅಂತ ಮಾತ್ರ ನೋಡುತ್ತಾರೆ. ಎಷ್ಟು ಎತ್ತರಕ್ಕೆ ತಳ್ಳುತ್ತದೆ ಅನ್ನುವುದು ಇನ್ನೂ ಮುಖ್ಯ. ಡಬ್ಬದ ಮೇಲೆ ಬರೆದ ಗರಿಷ್ಠ ಎತ್ತರದಲ್ಲಿ ನೀರಿನ ಹರಿವು ಸೊನ್ನೆಯಾಗಿರುತ್ತದೆ. ಹಾಗಾಗಿ ನಿಮಗೆ ಬೇಕಾದ ಎತ್ತರದ ಎರಡರಷ್ಟು ಇರುವ ಪಂಪ್ ತೆಗೆದುಕೊಳ್ಳಿ. ನನ್ನದು ಗಂಟೆಗೆ 120 ಗ್ಯಾಲನ್, ಸುಮಾರು 450 ಲೀಟರ್. ಹರಿವು ಕಡಿಮೆ ಮಾಡುವ ತಿರುಪು ಅದರಲ್ಲೇ ಇದೆ. ಸೋಲಾರ್ ಪಂಪ್ ಕೂಡ ಸಿಗುತ್ತದೆ, ವೈರ್ ಎಳೆಯುವ ತಾಪತ್ರಯ ಇಲ್ಲ. ಆದರೆ ಬ್ಯಾಟರಿ ಇಲ್ಲದ ಸೋಲಾರ್ ಪಂಪ್ ಮೋಡ ಬಂದರೆ ನಿಲ್ಲುತ್ತದೆ. ಹಕ್ಕಿಗಳ ಸ್ನಾನ ಜಾಸ್ತಿ ನಡೆಯುವ ಬೆಳಗಿನ ಹೊತ್ತಿನಲ್ಲಿ ನಮ್ಮ ಹಿತ್ತಲಿಗೆ ಬಿಸಿಲೇ ಬಂದಿರುವುದಿಲ್ಲ. ಅದಕ್ಕೇ ಕರೆಂಟಿನದು ಹಾಕಿ ಟೈಮರ್ ಇಟ್ಟೆ. ಹೊರಗಿನ ಪ್ಲಗ್‌ಗೆ ಜಿಎಫ್‌ಸಿಐ ರಕ್ಷಣೆ, ಅಂದರೆ ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸಾಧನ, ಇರಲೇಬೇಕು. ನೀರೂ ಕರೆಂಟೂ ಒಟ್ಟಿಗಿರುವ ಕಡೆ ಇದರಲ್ಲಿ ರಾಜಿ ಬೇಡ. ಊರಲ್ಲಾದರೆ ಅದೇ ಕೆಲಸ ಮಾಡುವ ಆರ್‌ಸಿಸಿಬಿ ಇರುವ ಲೈನ್‌ನಿಂದಲೇ ತೆಗೆದುಕೊಳ್ಳಿ.

ಇನ್ನು ತುಂತುರು. ಮಂಜಿನ ಹಾಗೆ ಸಿಂಪಡಿಸುವ ನಾಜಲ್‌ಗೆ ನಲ್ಲಿಯ ಒತ್ತಡ ಬೇಕು, ಇಷ್ಟು ಸಣ್ಣ ಪಂಪ್‌ನಿಂದ ಅದು ಕೆಲಸ ಮಾಡುವುದಿಲ್ಲ. ನಾನು ಮುಖ್ಯ ಪೈಪಿಗೆ ಒಂದು ಟೀ, ಅಂದರೆ ಮೂರು ಬಾಯಿಯ ಜೋಡಣೆ ತುಂಡು, ಹಾಕಿ, ಹನಿ ನೀರಾವರಿಯ ಕಾಲು ಇಂಚಿನ ಪೈಪನ್ನು ಮೇಲಕ್ಕೆ ಎಳೆದೆ. ತುದಿ ಮುಚ್ಚಿ, ಕಾಯಿಸಿದ ಸೂಜಿಯಿಂದ ಕೆಲವು ತೂತು ಮಾಡಿದೆ. ಅದರ ಹನಿಗಳು ತಟ್ಟೆಯ ಮೇಲೆ ಬಾಗಿರುವ ಕಾಬಾಳೆ ಗಿಡದ ಎಲೆಗಳ ಮೇಲೆ ಬಿದ್ದು, ಅಲ್ಲಿಂದ ಜಾರಿ ಮತ್ತೆ ತಟ್ಟೆಗೇ ಬರುತ್ತವೆ. ಕಾಬಾಳೆಗೆ ನೀರು ಇಷ್ಟ, ಎಲೆ ಅಗಲ, ಅದರ ಕೆಂಪು ಹೂವಿಗೂ ಹಮ್ಮಿಂಗ್‌ಬರ್ಡ್ ಬರುತ್ತದೆ. ಇಲ್ಲಿನ ನಾಡಗಿಡಗಳಾದ ಕ್ಯಾಲಿಫೋರ್ನಿಯಾ ಫ್ಯೂಷಿಯಾ, ಹಮ್ಮಿಂಗ್‌ಬರ್ಡ್ ಸೇಜ್, ಚಳಿಗಾಲದಲ್ಲಿ ಹೂ ಬಿಡುವ ಮ್ಯಾಂಜನಿಟಾ ಇವನ್ನು ಸ್ವಲ್ಪ ದೂರದ ಒಣ ಜಾಗದಲ್ಲಿ ನೆಟ್ಟಿದ್ದೇನೆ. ಅವಕ್ಕೆ ಬೇಸಿಗೆಯಲ್ಲಿ ಬುಡ ಒದ್ದೆಯಾಗಿದ್ದರೆ ಆಗದು.

ಬರಗಾಲದ ನಾಡಿನಲ್ಲಿ ಕಾರಂಜಿಯಾ ಅಂತ ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. 2014ರ ಬರದಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ, ಅದೇ ನೀರನ್ನು ಮತ್ತೆ ಮತ್ತೆ ಸುತ್ತಿಸದ ಕಾರಂಜಿಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿತ್ತು. ನನ್ನದರಲ್ಲಿ ಆವಿಯಾದದ್ದು ಮತ್ತು ಹಕ್ಕಿ ಸಿಡಿಸಿದ್ದು ಬಿಟ್ಟರೆ ಉಳಿದದ್ದು ಬಕೆಟ್‌ಗೇ ಬರುತ್ತದೆ. ಕಡು ಬೇಸಿಗೆಯಲ್ಲಿ ಮಟ್ಟ ಬೇಗ ಇಳಿಯುತ್ತದೆ. ದಿನಾ ನೋಡಿ ತುಂಬಬೇಕು. ಪಂಪ್ ಗಾಳಿ ಎಳೆಯಲು ಶುರುಮಾಡಿದರೆ ಸುಟ್ಟುಹೋಗುತ್ತದೆ.

ಇಷ್ಟೆಲ್ಲ ಆದ ಮೇಲೆ ಹಮ್ಮಿಂಗ್‌ಬರ್ಡ್ ಬರುವ ರೀತಿ ಹೇಳುತ್ತೇನೆ. ಮೊದಲು ಕಲ್ಲಿನ ಮೇಲೆ ಒಂದೆರಡು ಅಡಿ ಎತ್ತರದಲ್ಲಿ ನಿಂತಲ್ಲೇ ಹಾರುತ್ತದೆ. ಒಮ್ಮೆ ಹಿಂದಕ್ಕೆ, ಒಮ್ಮೆ ಪಕ್ಕಕ್ಕೆ. ಕೆಳಗಿಳಿದು ಕಾಲು ತಾಗಿಸಿ ಮತ್ತೆ ಮೇಲೇಳುತ್ತದೆ. ನಂಬಿಕೆ ಬಂದ ಮೇಲೆ ಹರಿಯುವ ನೀರಿನಲ್ಲಿ ಹೊಟ್ಟೆ ಊರಿ ಕೂರುತ್ತದೆ. ಬಾಲ ಬೀಸಣಿಗೆಯಾಗಿ ಬಿಚ್ಚುತ್ತದೆ, ಗಂಟಲನ್ನು ಕಲ್ಲಿಗೆ ಒತ್ತುತ್ತದೆ, ರೆಕ್ಕೆ ಬಡಿದು ಬೆನ್ನಿಗೆ ನೀರು ಹಾರಿಸಿಕೊಳ್ಳುತ್ತದೆ. ಹೆಣ್ಣುಗಳಿಗೆ ಕಾಬಾಳೆ ಎಲೆಯೇ ಹೆಚ್ಚು ಇಷ್ಟ ಅಂತ ನನಗೆ ಅನ್ನಿಸಿದೆ. ಒದ್ದೆ ಎಲೆಯ ಮೇಲೆ ಮೇಲಿಂದ ಕೆಳಕ್ಕೆ ಜಾರುತ್ತಾ ಮೈ ಉಜ್ಜಿಕೊಳ್ಳುತ್ತವೆ. ಆಮೇಲೆ ಹತ್ತಿರದ ಬೋಳು ಕಡ್ಡಿಯೊಂದರ ಮೇಲೆ ಕೂತು ಪುಕ್ಕ ತಿದ್ದುವುದು ಬಹಳ ಹೊತ್ತು ನಡೆಯುತ್ತದೆ. ಆ ಕಡ್ಡಿಯನ್ನು ನಾನೇ ನೆಟ್ಟಿದ್ದು, ಬಿಸಿಲು ಬೀಳುವ ಕಡೆ. ಕಾರಂಜಿ ಮಾಡುವವರು ಅದನ್ನು ಮರೆಯಬಾರದು. ಮೈ ಕೊಡವುವುದನ್ನಂತೂ ನೋಡಬೇಕು. ಈ ಹಕ್ಕಿ ಹಾರುತ್ತಿರುವಾಗಲೇ ತಲೆ, ಮೈ, ಬಾಲ ತಿರುಚಿ ನೀರು ಕೊಡವುತ್ತದೆ. ಬರ್ಕ್ಲಿಯ ವಿಜ್ಞಾನಿಗಳು ಆ್ಯನಾಸ್ ಹಮ್ಮಿಂಗ್‌ಬರ್ಡ್‌ಗಳನ್ನೇ ಇಟ್ಟುಕೊಂಡು, ವೇಗದ ಕ್ಯಾಮೆರಾದಲ್ಲಿ ಇದನ್ನು ಸೆರೆಹಿಡಿದು ಅಧ್ಯಯನ ಮಾಡಿದ್ದಾರೆ.

ಬೇರೆ ಹಕ್ಕಿಗಳ ವಿಷಯ ಕಾಲಕ್ಕೆ ತಕ್ಕಂತೆ. ಹೌಸ್ ಫಿಂಚ್, ಲೆಸರ್ ಗೋಲ್ಡ್‌ಫಿಂಚ್, ಮೌರ್ನಿಂಗ್ ಡವ್, ಟೌಹಿ ವರ್ಷವಿಡೀ ಇರುತ್ತವೆ. ಸ್ಕ್ರಬ್ ಜೇ ಬಂದರೆ ಉಳಿದವು ಸರಿದು ನಿಲ್ಲುತ್ತವೆ. ನನಗೆ ಅಚ್ಚುಮೆಚ್ಚು ಬುಶ್‌ಟಿಟ್. ಬೂದು ಬಣ್ಣದ ಈ ಪುಟ್ಟ ಹಕ್ಕಿಗಳು ಗುಂಪಾಗಿಯೇ ಬರುತ್ತವೆ, ಗುಂಪಾಗಿಯೇ ಮೀಯುತ್ತವೆ, ಒಂದು ಹಾರಿದರೆ ಎಲ್ಲವೂ ಹಾರುತ್ತವೆ. ಚಳಿಗಾಲದಲ್ಲಿ ಯೆಲ್ಲೊ ರಂಪ್ಡ್ ವಾರ್ಬ್ಲರ್ ಬರುತ್ತದೆ, ಸೀಡರ್ ವ್ಯಾಕ್ಸ್‌ವಿಂಗ್‌ಗಳ ಹಿಂಡು ರಾಬಿನ್‌ಗಳ ಜೊತೆ ಇಳಿಯುತ್ತದೆ. ಹಣ್ಣು ಹುಳ ತಿನ್ನುವ ಇವು ಕಾಳಿನ ಫೀಡರ್ ಕಡೆ ತಲೆ ಹಾಕುವುದು ಅಪರೂಪ. ನೀರಿನ ಸದ್ದಿಗೆ ಮಾತ್ರ ಬಂದೇ ಬರುತ್ತವೆ.

ಹಕ್ಕಿ ಕರೆದ ಮೇಲೆ ಅವುಗಳ ಜೀವದ ಜವಾಬ್ದಾರಿಯೂ ನಮ್ಮದೇ. ಒದ್ದೆಯಾದ ಹಕ್ಕಿ ಬೇಗ ಹಾರಲಾರದು. ಪೊದೆ ತೀರಾ ಪಕ್ಕದಲ್ಲಿದ್ದರೆ ಬೆಕ್ಕು ಅಡಗುತ್ತದೆ, ತೀರಾ ದೂರವಾದರೆ ಗಿಡುಗ ಬಂದಾಗ ಓಡಿಹೋಗಲು ಜಾಗವಿಲ್ಲ. ನಾನು ಎಂಟು ಹತ್ತು ಅಡಿ ಬಿಟ್ಟಿದ್ದೇನೆ. ಕಾರಂಜಿಗೆ ಎದುರಾದ ಕಿಟಕಿಯ ಗಾಜಿನ ಹೊರಮೈಗೆ ಎರಡೆರಡು ಇಂಚಿಗೆ ಒಂದರಂತೆ ಚುಕ್ಕಿ ಅಂಟಿಸಿದ್ದೇನೆ. ಒಂದೋ ಎರಡೋ ಸ್ಟಿಕ್ಕರ್ ಅಂಟಿಸಿದರೆ ಉಪಯೋಗವಿಲ್ಲ. ಹಕ್ಕಿ ನಡುವಿನ ಖಾಲಿ ಜಾಗಕ್ಕೇ ನುಗ್ಗಿ ಢಿಕ್ಕಿ ಹೊಡೆಯುತ್ತದೆ.

ಶುಚಿಯ ಬಗ್ಗೆ ನಾನು ಬಹಳ ಕಟ್ಟುನಿಟ್ಟು. 2020–21ರ ಚಳಿಗಾಲದಲ್ಲಿ ಇಲ್ಲಿ ಪೈನ್ ಸಿಸ್ಕಿನ್ ಅನ್ನುವ ಹಕ್ಕಿಗಳಲ್ಲಿ ಸಾಲ್ಮೊನೆಲ್ಲಾ ಸೋಂಕು ಹರಡಿ ಬಹಳ ಹಕ್ಕಿಗಳು ಸತ್ತವು. ಫೀಡರ್ ಮತ್ತು ನೀರಿನ ಬೋಗುಣಿಗಳನ್ನು ತೆಗೆದಿಡಿ ಅಂತ ರಾಜ್ಯದ ವನ್ಯಜೀವಿ ಇಲಾಖೆಯೇ ಜನರನ್ನು ಕೇಳಿಕೊಂಡಿತು. ಅಂಥ ಸುದ್ದಿ ಬಂದರೆ ಪಂಪ್ ನಿಲ್ಲಿಸಿ, ತಟ್ಟೆ ಒಣಗಿಸಿ, ಕವುಚಿ ಇಟ್ಟುಬಿಡಿ. ಮಾಮೂಲಿ ದಿನಗಳಲ್ಲಿ ವಾರಕ್ಕೊಮ್ಮೆ ನೀರು ಪೂರ್ತಿ ಬದಲಿಸಿ, ಗಟ್ಟಿ ಬ್ರಷ್‌ನಿಂದ ಪಾಚಿ ಉಜ್ಜಿ ತೆಗೆಯುತ್ತೇನೆ. ಸೋಪು ಬಳಸುವುದಿಲ್ಲ. ಆಗಾಗ ಒಂಬತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಬೆರೆಸಿ ತೊಳೆದು, ವಾಸನೆ ಹೋಗುವ ತನಕ ಜಾಲಿಸಿ, ಬಿಸಿಲಲ್ಲಿ ಒಣಗಿಸುತ್ತೇನೆ. ಗಡಸು ನೀರಿನ ಬಿಳಿ ಪಟ್ಟೆಗೆ ವಿನೆಗರ್ ಸಾಕು. ಬ್ಲೀಚ್ ಮತ್ತು ವಿನೆಗರ್ ಮಾತ್ರ ಯಾವತ್ತೂ ಒಟ್ಟಿಗೆ ಬೆರೆಸಬೇಡಿ, ವಿಷದ ಗಾಳಿ ಬರುತ್ತದೆ.

ಮೈಸೂರಿನಲ್ಲಿರುವ ನನ್ನ ಅಕ್ಕ ಇದನ್ನೆಲ್ಲ ವಿಡಿಯೋದಲ್ಲಿ ನೋಡಿ, ನಮ್ಮಲ್ಲಿ ಹಮ್ಮಿಂಗ್‌ಬರ್ಡ್ ಎಲ್ಲಿಂದ ಬರಬೇಕು ಅಂದಳು. ನಿಜ, ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲೂ ಅವು ಇಲ್ಲ. ಆದರೆ ನಮ್ಮ ಸೂರಕ್ಕಿಗಳೂ ಒದ್ದೆ ಎಲೆಯಲ್ಲಿ ಮೀಯುತ್ತವೆ. ಕೂಲರ್‌ಗೆ ಹಾಕುವ ಸಣ್ಣ ಪಂಪ್ ಅಲ್ಲಿ ಎಲ್ಲ ಕಡೆ ಸಿಗುತ್ತದೆ. ಕರೆಂಟಿನ ಸಹವಾಸವೇ ಬೇಡ ಅಂದಳು ಅಕ್ಕ. ಸರಿ, ಶಿವಲಿಂಗದ ಮೇಲೆ ಧಾರೆಪಾತ್ರೆ ತೂಗುಹಾಕಿದ ಹಾಗೆ, ತಳದಲ್ಲಿ ಸಣ್ಣ ತೂತು ಮಾಡಿದ ಮಡಕೆಯೊಂದನ್ನು ದಾಸವಾಳದ ಪಕ್ಕ ತೂಗುಹಾಕು ಅಂದೆ. ತೂತಿಗೆ ಹತ್ತಿ ಬತ್ತಿ. ಬತ್ತಿ ಬಿಗಿ ಮಾಡಿದರೆ ಹನಿ ನಿಧಾನ, ಸಡಿಲ ಮಾಡಿದರೆ ಜೋರು. ಕೆಳಗೆ ಮಣ್ಣಿನ ತಟ್ಟೆ. ತಟ್ಟೆಗೆ ಪಿಕಳಾರ ಮತ್ತು ಟುವ್ವಿ ಬಂದವು, ದಾಸವಾಳದ ಒದ್ದೆ ಎಲೆಗಳಿಗೆ ಸೂರಕ್ಕಿ ಬಂತು. ಒಂದೇ ಎಚ್ಚರಿಕೆ ಹೇಳಿದ್ದೇನೆ: ಡೆಂಗಿ ಹರಡುವ ಸೊಳ್ಳೆ ಇಂಥ ಸಣ್ಣ ತಟ್ಟೆಯ ನೀರಿನಲ್ಲೂ ಮೊಟ್ಟೆ ಇಡುತ್ತದೆ, ಮೊಟ್ಟೆ ಅಂಚಿಗೆ ಅಂಟಿಕೊಂಡಿರುತ್ತದೆ. ಹಾಗಾಗಿ ದಿನಾ ನೀರು ಚೆಲ್ಲಿ, ಎರಡು ದಿನಕ್ಕೊಮ್ಮೆ ತಟ್ಟೆಯ ಅಂಚನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆಯಬೇಕು.