ಸ್ವಾತಿಯ ಗಾತ್ರ ಅಳೆದ ಬೇಸಿಗೆ

ಸ್ವಾತಿ ಮಳೆಯ ಹೆಸರು ನಮ್ಮ ತೋಟದಲ್ಲಿ ಎಲ್ಲರ ಬಾಯಲ್ಲೂ ಇದೆ. ಸ್ವಾತಿ ನಕ್ಷತ್ರ ಎಲ್ಲಿದೆ ಎಂದರೆ ಬೆರಳು ಮಾಡಿ ತೋರಿಸುವವರು ಕಡಿಮೆ. ಅಕ್ಟೋಬರ್ ಕೊನೆಯಲ್ಲಿ ಆ ಮಳೆ ಬೀಳುವಾಗ ನಕ್ಷತ್ರ ಸೂರ್ಯನ ಬೆನ್ನಿಗೇ ಮುಳುಗಿಬಿಡುತ್ತದೆ, ಕಾಣುವುದಾದರೂ ಹೇಗೆ? ಅದನ್ನು ನೋಡಲು ಏಪ್ರಿಲ್, ಮೇ ತಿಂಗಳೇ ಸರಿ. ಹೂಮಳೆ ಬಂದು ಹೋಗಿ ಆಕಾಶ ತೊಳೆದಿಟ್ಟಂತಿರುವ ರಾತ್ರಿ, ಮೂಡಿಗೆರೆ ಕಡೆಯ ನಮ್ಮ ಕಾಫಿ ಕಣದಲ್ಲಿ ನಿಂತು ಸಪ್ತರ್ಷಿ ಮಂಡಲದ ಬಾಲದ ಬಾಗನ್ನೇ ಹಿಡಿದು ಮುಂದೆ ಸಾಗಿದರೆ ಕಿತ್ತಳೆ ಬಣ್ಣದ ಸ್ವಾತಿ ಸಿಗುತ್ತದೆ. ಇನ್ನೂ ಮುಂದೆ ಹೋದರೆ ನೀಲಿ ಬೆರೆತ ಬಿಳುಪಿನ ಚಿತ್ರಾ.

ಈ ಬಣ್ಣದಿಂದಲೇ ಸ್ವಾತಿಯ ಗಾತ್ರವನ್ನು ಲೆಕ್ಕ ಹಾಕಬಹುದು ಎಂದು ಓದಿದ್ದೆ. ಓದಿದ್ದನ್ನು ನಂಬುವುದು ಬೇರೆ, ಕೈಯಾರೆ ಮಾಡಿ ನೋಡುವುದು ಬೇರೆ. ನನ್ನ ಬಳಿ ಇದ್ದದ್ದು ಒಂದು ಹಳೆಯ ಡಿಎಸ್ಎಲ್ಆರ್ ಕ್ಯಾಮೆರಾ, 50 ಮಿ.ಮೀ. ಲೆನ್ಸ್, ಒಂದು ಟ್ರೈಪಾಡ್. ದೂರದರ್ಶಕ ಇಲ್ಲ. ಇದ್ದಿದ್ದರೂ ನಕ್ಷತ್ರದ ಬಿಂಬ ಅದರಲ್ಲಿ ಬಿಲ್ಲೆಯಾಗಿ ಕಾಣುತ್ತಿರಲಿಲ್ಲ. 250 ಕಿಲೋಮೀಟರ್ ದೂರದಲ್ಲಿಟ್ಟ ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯ ಎಷ್ಟು ಕಂಡೀತೋ ಸ್ವಾತಿ ನಮಗೆ ಅಷ್ಟೇ.

ಮಾಡಿದ ಕೆಲಸ ಸರಳ. ಫೋಕಸ್ಸನ್ನು ಬೇಕೆಂದೇ ಕೆಡಿಸಿ, ನಕ್ಷತ್ರದ ಬೆಳಕು ಒಂದು ಪುಟ್ಟ ವೃತ್ತವಾಗಿ ಹರಡುವಂತೆ ಚಿತ್ರ ತೆಗೆದೆ. ಚುಕ್ಕಿಯಾಗಿಯೇ ಉಳಿದರೆ ನಡುವಿನ ಪಿಕ್ಸೆಲ್‌ಗಳು ತುಂಬಿ ತುಳುಕಿ ಬಣ್ಣವೇ ಕಳೆದುಹೋಗುತ್ತದೆ. ಆಮೇಲೆ ಆ ವೃತ್ತದಲ್ಲಿ ನೀಲಿ ಎಷ್ಟು, ಹಸಿರು ಎಷ್ಟು ಎಂದು ಕಂಪ್ಯೂಟರಿನಲ್ಲಿ ಎಣಿಸಿದೆ. ಈ ಎರಡರ ಅಂತರವನ್ನು ಹೇಳುವ ಅಂಕಿಯೇ ಬಣ್ಣದ ಸೂಚ್ಯಂಕ. ಅದು ಹೆಚ್ಚಿದಷ್ಟೂ ನಕ್ಷತ್ರ ಕೆಂಪು, ತಾಪ ಕಡಿಮೆ. ಈ ಸೂಚ್ಯಂಕ ಮೊದಲೇ ಗೊತ್ತಿರುವ ಚಿತ್ರಾ, ಮಘಾ ನಕ್ಷತ್ರಗಳನ್ನು ತೂಕದ ಬಟ್ಟಿನಂತೆ ಪಕ್ಕಕ್ಕಿಟ್ಟುಕೊಂಡು ಸ್ವಾತಿಯನ್ನು ತೂಗಿದೆ.

ಮೊದಲ ರಾತ್ರಿ ಸೂಚ್ಯಂಕ 1.4 ಬಂತು. ಅಂದರೆ ಮೇಲ್ಮೈ ತಾಪ 3,950 ಕೆಲ್ವಿನ್. ಪುಸ್ತಕದಲ್ಲಿರುವುದು ಸುಮಾರು 4,290. ಎರಡು ದಿನ ಲೆಕ್ಕವನ್ನೇ ತಿರುವಿ ಹಾಕಿದೆ, ತಪ್ಪು ಅಲ್ಲಿರಲಿಲ್ಲ. ಆತುರದಲ್ಲಿ ಸ್ವಾತಿ ಪೂರ್ವದ ಗುಡ್ಡದ ಮೇಲೆ ಆಗಷ್ಟೇ ಎದ್ದಿದ್ದಾಗ ಚಿತ್ರ ತೆಗೆದಿದ್ದೆ. ಹೋಲಿಕೆಯ ಮಘಾ ಆಗಲೇ ಮೇಲೇರಿತ್ತು. ದಿಗಂತದ ಹತ್ತಿರ ಬೆಳಕು ದಪ್ಪ ಗಾಳಿಯ ಪದರವನ್ನು ಹಾಯ್ದು ಬರಬೇಕು. ಆ ಗಾಳಿ ನೀಲಿಯನ್ನು ಚದುರಿಸಿ ಎಲ್ಲವನ್ನೂ ಕೆಂಪಾಗಿಸುತ್ತದೆ. ಮುಳುಗುವ ಸೂರ್ಯನಿಗೆ ಆಗುವುದೂ ಇದೇ. ಮುಂದಿನ ಸಲ ನಡುರಾತ್ರಿಯವರೆಗೆ ಕಾದೆ. ನಮ್ಮ ಅಕ್ಷಾಂಶದಲ್ಲಿ ಸ್ವಾತಿ ಹೆಚ್ಚುಕಡಿಮೆ ನೆತ್ತಿಯ ಮೇಲೇ ಬರುತ್ತದೆ. ಸೂಚ್ಯಂಕ 1.2ಕ್ಕೆ ಇಳಿಯಿತು, ತಾಪ 4,300 ಕೆಲ್ವಿನ್ ಆಯಿತು. ಆ ಅಂಕಿಯನ್ನು ನೋಡಿ ಕಣದಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದೆ.

ಇನ್ನು ಗಾತ್ರ. ಸೂರ್ಯನ ಮೇಲ್ಮೈ 5,772 ಕೆಲ್ವಿನ್. ಹೊಮ್ಮುವ ಬೆಳಕು ತಾಪದ ನಾಲ್ಕನೆಯ ಘಾತದಂತೆ ಏರಿಳಿಯುವುದರಿಂದ, ಸ್ವಾತಿಯ ಒಂದೊಂದು ಚದರ ಮೀಟರ್ ಸೂರ್ಯನ ಮೂರನೆಯ ಒಂದು ಪಾಲಿಗಿಂತ ಕಡಿಮೆ ಬೆಳಕು ಕೊಡುತ್ತದೆ. ಹಾಗಿದ್ದೂ ಸುಮಾರು 37 ಜ್ಯೋತಿರ್ವರ್ಷ ದೂರದಿಂದ ಅಷ್ಟು ಪ್ರಖರವಾಗಿ ಕಾಣಬೇಕಾದರೆ ಅದು ಸೂರ್ಯನ 114 ಪಟ್ಟು ಬೆಳಗಬೇಕು. ತಣ್ಣಗಿರುವುದು ಅಷ್ಟು ಬೆಳಗಬೇಕಾದರೆ ಅದಕ್ಕೆ ಹರವು ಬೇಕು. ಲೆಕ್ಕ ಹಾಕಿದರೆ ತ್ರಿಜ್ಯ ಸೂರ್ಯನ 19 ಪಟ್ಟು. ವಿಜ್ಞಾನಿಗಳು ಅಳೆದಿರುವುದು ಸುಮಾರು 25 ಪಟ್ಟು. ಮತ್ತೆ ಕೊರತೆ.

ಇದಕ್ಕೆ ಉತ್ತರ ಸಿಕ್ಕಿದ್ದು ಬಚ್ಚಲುಮನೆಯ ಹಂಡೆ ಒಲೆಯ ಮುಂದೆ. ಉರಿ ಆರಿ ಬರೀ ಕೆಂಡ ಉಳಿದಿತ್ತು. ಆ ಬೆಳಕಿನಲ್ಲಿ ಕೈಗಡಿಯಾರದ ಮುಳ್ಳೂ ಕಾಣದು, ಆದರೆ ಮುಂಗೈ ಒಡ್ಡಿದರೆ ಚುರ್ ಎನ್ನುತ್ತದೆ. ಕೆಂಡ ಕೊಡುವುದರಲ್ಲಿ ಬಹುಪಾಲು ಕಣ್ಣಿಗೆ ಕಾಣದ ಅವಕೆಂಪು ಕಿರಣ. ಸ್ವಾತಿಯದೂ ಅದೇ ಸ್ವಭಾವ. ನಾನು ಹಿಡಿದಿದ್ದ 114 ಪಟ್ಟು ಕಣ್ಣಿಗೆ ಕಾಣುವ ಬೆಳಕಿನ ಲೆಕ್ಕ ಮಾತ್ರ. ಕಾಣದ್ದನ್ನೂ ಸೇರಿಸಿದರೆ ಅದು ಸುಮಾರು 170 ಪಟ್ಟು. ಆಗ ತ್ರಿಜ್ಯ 23.5 ಪಟ್ಟು ಬಂತು. ಕಣದಲ್ಲಿ ನಿಂತು ಮಾಡಿದ ಅಳತೆಗೆ ಇದಕ್ಕಿಂತ ಹತ್ತಿರ ಬರಬೇಕೆಂದು ನಾನು ಕೇಳುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಅದರ ನಂತರದ ಲೆಕ್ಕ. ಸ್ವಾತಿಯ ದ್ರವ್ಯರಾಶಿ ಸೂರ್ಯನಿಗಿಂತ ತುಸುವೇ ಹೆಚ್ಚು, 1.08 ಪಟ್ಟು ಅಷ್ಟೆ. ನಡುವಿನ ತಿರುಳಿನಲ್ಲಿ ಹೈಡ್ರೋಜನ್ ಮುಗಿದು, ತಿರುಳಿನ ಸುತ್ತಲಿನ ಪದರಕ್ಕೆ ಉರಿ ಹತ್ತಿ, ಹೊರಮೈ ಉಬ್ಬಿ ತಣ್ಣಗಾಗಿ ಕಿತ್ತಳೆಯಾಗಿದೆ. ನಮ್ಮ ಸೂರ್ಯನೂ ಸುಮಾರು 500 ಕೋಟಿ ವರ್ಷಗಳ ಬಳಿಕ ಇದೇ ದಾರಿ ಹಿಡಿಯುತ್ತಾನೆ. ಅಷ್ಟೇ ಸರಕು ಅಷ್ಟು ದೊಡ್ಡ ಗೋಳದಲ್ಲಿ ಹರಡಿದರೆ ಸರಾಸರಿ ಸಾಂದ್ರತೆ ನಾವು ಉಸಿರಾಡುವ ಗಾಳಿಯ ಸುಮಾರು ಹತ್ತನೆಯ ಒಂದು ಪಾಲು. ತಪ್ಪಿರಬೇಕೆಂದು ಮೂರು ಸಲ ಮಾಡಿದೆ, ಮೂರು ಸಲವೂ ಅದೇ ಬಂತು.

ಡಿಸೆಂಬರಿನಲ್ಲಿ ರೋಹಿಣಿಯ ಸರದಿ. ಅದೂ ಕಿತ್ತಳೆ ದೈತ್ಯ, 65 ಜ್ಯೋತಿರ್ವರ್ಷ ದೂರ, ಸ್ವಾತಿಗಿಂತ ಕೆಂಪು. ಆಗ ಕಣದ ತುಂಬ ಕಾಫಿ ಹರಡಿರುತ್ತದೆ. ಟ್ರೈಪಾಡ್ ನಿಲ್ಲಿಸಲು ಗೋದಾಮಿನ ಪಕ್ಕದ ಮೂಲೆಯನ್ನು ಈಗಲೇ ಗುರುತು ಮಾಡಿಟ್ಟಿದ್ದೇನೆ.