ಆಲೆಮನೆಯ ಮೊದಲ ಪಂಕ್ತಿ

ನಮ್ಮದು ಶಿರಸಿ ಸೀಮೆಯ ಅಡಿಕೆ ತೋಟದ ಮನೆ. ಕೊಟ್ಟಿಗೆಯ ಹಿಂದೆ ಎಂಟು ಪೆಟ್ಟಿಗೆ ತುಡುವೆ ಜೇನು. ಮಾಘ ಬಂತೆಂದರೆ ಕಬ್ಬು ಕಡಿದು, ಅಂಗಳದ ಕೆಳಗಿನ ಗದ್ದೆಯಲ್ಲಿ ಗಾಣ ಹೂಡಿ, ನೆಂಟರಿಷ್ಟರನ್ನು ಆಲೆಮನೆಗೆ ಕರೆಯುವುದು ರೂಢಿ. ಕೊಪ್ಪರಿಗೆಯಲ್ಲಿ ಬೆಲ್ಲ ಕುದಿಯುತ್ತಿರುವಾಗ ಕಬ್ಬಿನ ಹಾಲು, ಖಾರ ಮಂಡಕ್ಕಿ, ಮಿರ್ಚಿ ಭಜಿ, ಬಿಸಿ ತೊಡೆದೇವು. ಜೇನು, ಆಲೆಮನೆ ಎರಡನ್ನೂ ಒಂದೇ ಅಂಗಳದಲ್ಲಿ ಸುಧಾರಿಸಲು ನನಗೆ ಮೂರು ವರ್ಷ ಬೇಕಾಯಿತು.

ಮೊದಲ ವರ್ಷ ಗಾಣ ಶುರುಮಾಡಿದ್ದು ಬೆಳಿಗ್ಗೆ ಹತ್ತಕ್ಕೆ. ಹನ್ನೊಂದರ ಹೊತ್ತಿಗೆ ಕಬ್ಬಿನ ಹಾಲಿನ ಕೊಳಗದ ತುಂಬ ಜೇನುಹುಳ. ಮೇವು ಹತ್ತಿರ ಸಿಕ್ಕರೆ ಕೆಲಸಗಾರ ಹುಳ ಗೂಡಿನೊಳಗಿನ ಮೇಣದ ಎರಿಯ ಮೇಲೆ ಗಿರಕಿ ಹೊಡೆದು ಉಳಿದವಕ್ಕೆ ಸುದ್ದಿ ಮುಟ್ಟಿಸುತ್ತದೆ. ಒಂದು ಬಂದದ್ದು ನೂರಾಗಲು ಹೊತ್ತು ಬೇಡ. ಬಟ್ಟೆ ಮುಚ್ಚಿದರೆ ಬಟ್ಟೆಯ ಮೇಲೆ ಕೂತು ಒದ್ದೆಯನ್ನೇ ಹೀರಿದವು. ಸೋಗೆಯ ಎಸಳಿನಿಂದ ಒಂದೊಂದನ್ನೇ ಎತ್ತಿ ಬಿಸಿಲಿಗಿಟ್ಟ ಬಾಳೆ ಎಲೆಯ ಮೇಲೆ ಹಾಕಿದೆ. ರೆಕ್ಕೆ ಮೈಗಂಟಿ ಬಿದ್ದುಕೊಂಡಿದ್ದ ಹುಳ ಮುಂಗಾಲಿನಿಂದ ಮೀಸೆ ಒರೆಸಿಕೊಂಡು, ಸ್ವಲ್ಪ ಹೊತ್ತಿಗೆ ರೆಕ್ಕೆ ಬಿಡಿಸಿ ನಡುಗಿಸುತ್ತಿತ್ತು. ಕೆಲವು ಹಾರಿದವು, ಬಹಳಷ್ಟು ಏಳಲೇ ಇಲ್ಲ. ನನ್ನ ಹೊಟ್ಟೆ ಉರಿಯಿತು. 1991–92ರಲ್ಲಿ ಜೇನಿನ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ನಮ್ಮ ಕಡೆಯ ತುಡುವೆ ಕುಟುಂಬಗಳೆಲ್ಲ ಸಾಲಾಗಿ ಖಾಲಿಯಾದಾಗ ಅಪ್ಪಯ್ಯ ಬರಿ ಪೆಟ್ಟಿಗೆಗಳನ್ನು ಅಟ್ಟಕ್ಕೆ ಏರಿಸಿದ್ದನ್ನು ಕಂಡವನು ನಾನು.

ಅದೇ ದಿನ ಪೆಟ್ಟಿಗೆಯ ಬಳಿ ನಿಂತು ಬಾಳೆಹಣ್ಣು ಸುಲಿದ ಅಕ್ಕನ ಮಗಳಿಗೆ ಎರಡು ಹುಳ ಕುಟುಕಿದವು. ಜೇನು ಕುಟುಕಿದಾಗ ಹೊರಬೀಳುವ ಎಚ್ಚರಿಕೆಯ ವಾಸನೆಯಲ್ಲಿ ಮುಖ್ಯವಾಗಿರುವ ಐಸೋಅಮೈಲ್ ಅಸಿಟೇಟ್ ಎಂಬ ರಾಸಾಯನಿಕ ಬಾಳೆಹಣ್ಣಿನ ಘಮದಲ್ಲೂ ಇದೆ. ಮುಳ್ಳನ್ನು ಉಗುರಿನಿಂದ ತಕ್ಷಣ ಕೆರೆದು ತೆಗೆದೆ. ವಿಷದ ಚೀಲ ಮುಳ್ಳಿನ ಜೊತೆಗೇ ಉಳಿದು ಇಳಿಸುತ್ತಲೇ ಇರುತ್ತದೆ, ಅದಕ್ಕೇ ತಡ ಮಾಡಬಾರದು. ಆಮೇಲೆ ಅರ್ಧ ತಾಸು ಅವಳ ಉಸಿರು, ತುಟಿಯ ಬಾವು ನೋಡುತ್ತ ಪಕ್ಕದಲ್ಲೇ ಕೂತೆ. ಉಸಿರು ಕಟ್ಟಿದರೆ ಮನೆಮದ್ದು ಹುಡುಕದೆ ಆಸ್ಪತ್ರೆಗೆ ಓಡಬೇಕು. ಅವಳಿಗೆ ಬರಿ ಉರಿ, ಪುಣ್ಯ.

ಪೆಟ್ಟಿಗೆಗಳನ್ನು ಎರಡು ದಿನಕ್ಕೆ ತೋಟದ ಆ ತುದಿಗೆ ಒಯ್ದಿಡು ಅಂದರು ಹಲವರು. ಹಾಗೆ ಮಾಡಿದರೆ ಮೇವಿಗೆ ಹೋದ ಹುಳ ಹಳೇ ಜಾಗಕ್ಕೇ ಬಂದು ಗೂಡು ಕಾಣದೆ ಸುತ್ತುತ್ತವೆ. ಅವು ಅಲ್ಲೇ ಇರಲಿ, ನಮ್ಮ ಹೊತ್ತು ಬದಲಾಗಲಿ ಎಂದು ಮರುವರ್ಷ ಗಾಣವನ್ನು ಹೊತ್ತು ಮುಳುಗಿದ ಮೇಲೆ ಕಟ್ಟಿದೆವು. ಕತ್ತಲಲ್ಲಿ ತುಡುವೆ ಮೇವಿಗೆ ಹೊರಡುವುದಿಲ್ಲ. ಆದರೆ ಆ ವರ್ಷ ಕೊಟ್ಟಿಗೆಯ ಮಾಡಿಗೆ ಕಟ್ಟಿದ ದೊಡ್ಡ ಬಿಳಿ ದೀಪದ ಬೆಳಕು ಪೆಟ್ಟಿಗೆಯ ಬಾಗಿಲಿಗೇ ಬಿದ್ದು, ಹೊರಗೆ ಕೂತಿದ್ದ ಹುಳಗಳೆಲ್ಲ ದೀಪಕ್ಕೆ ಮುತ್ತಿದವು. ಈಗ ದೀಪಗಳು ಅಂಗಳದ ಆ ಬದಿಗೆ, ಮುಖ ಗದ್ದೆಯ ಕಡೆಗೆ.

ಹಗಲೇ ಬರುವ ನೆಂಟರಿಗಾಗಿ ಪೆಟ್ಟಿಗೆಗಳ ಎದುರು ಆರಡಿ ಎತ್ತರದ ಸೋಗೆ ತಟ್ಟಿ ಕಟ್ಟುತ್ತೇನೆ. ಬಾಗಿಲಿಂದ ಹೊರಟ ಹುಳ ತಟ್ಟಿ ದಾಟಲು ಮೇಲೇರುತ್ತದೆ, ಜನರ ತಲೆಯ ಮೇಲಿಂದಲೇ ಹೋಗುತ್ತದೆ. ಇದೊಂದನ್ನು ಮಾಡಿದರೆ ಅರ್ಧ ತಂಟೆ ಕಡಿಮೆ. ಹತ್ತು ದಿನ ಮುಂಚೆಯೇ ಬಾವಿಕಟ್ಟೆಯಿಂದ ದೂರ, ಅಗಲದ ಮಣ್ಣಿನ ತಟ್ಟೆಯಲ್ಲಿ ಬೆಣಚುಕಲ್ಲು ಹರವಿ ನೀರು ಹಾಕಿಡುತ್ತೇನೆ. ಒಮ್ಮೆ ರೂಢಿಯಾದ ನೀರಿನ ಜಾಗ ಬಿಟ್ಟು ಕೈ ತೊಳೆಯುವಲ್ಲಿಗೆ ಅವು ಅಷ್ಟಾಗಿ ಬರುವುದಿಲ್ಲ. ನಾನು ತಟ್ಟೆ ತುಂಬಿಸುತ್ತಿದ್ದುದನ್ನು ಕಂಡ ದೊಡ್ಡಮ್ಮ, "ತಮಾ, ಹುಳಕ್ಕೇ ಮೊದಲ ಪಂಕ್ತಿಯನಾ?" ಅಂದಳು. ಹೌದು ದೊಡ್ಡಮ್ಮ, ಅಂದೆ.

ಹೋದ ವರ್ಷ ಊಟವಾದ ಮೇಲೆ ಬ್ಯಾಟರಿಗೆ ಕೆಂಪು ಕಾಗದ ಸುತ್ತಿ ಮಕ್ಕಳನ್ನು ಪೆಟ್ಟಿಗೆಗಳ ಬಳಿ ಕರೆದೊಯ್ದೆ. ಜೇನಿಗೆ ಕೆಂಪು ಕಾಣದು. ಬಾಗಿಲಲ್ಲಿ ಸಾಲಾಗಿ ನಿಂತು ರೆಕ್ಕೆ ಬೀಸುತ್ತಿದ್ದವು, ಹಗಲು ತಂದ ಮಕರಂದದ ನೀರು ಆರಿಸಲು. ಪೆಟ್ಟಿಗೆಯ ಹಿಂಬದಿಗೆ ಕಿವಿಯಿಟ್ಟರೆ ದೂರದಲ್ಲಿ ಮಳೆ ಹೊಯ್ದಂಥ ಸದ್ದು. ಕುಟುಕಿಸಿಕೊಂಡಿದ್ದ ಹುಡುಗಿ ಎಲ್ಲರಿಗಿಂತ ಹಿಂದೆ ನಿಂತಿದ್ದಳು. ಎಲ್ಲರದೂ ಮುಗಿದ ಮೇಲೆ ಬಂದು ಕಿವಿಯಿಟ್ಟವಳು, ಅವಳಮ್ಮ ಎರಡು ಸಲ ಕೂಗಿದರೂ ಏಳಲಿಲ್ಲ.

ನೆಂಟರು ಮಲಗಿದ ಮೇಲೆ ನನಗೊಂದು ಕೆಲಸ ಬಾಕಿ. ಹಿಂಡಿದ ಕಬ್ಬಿನ ಸಿಪ್ಪೆಯನ್ನು ರಾತ್ರಿಯೇ ಹೊತ್ತು ಗೊಬ್ಬರಗುಂಡಿಗೆ ಹಾಕಿ ಮಣ್ಣು ಮುಚ್ಚಬೇಕು, ಗಾಣ ತೊಳೆಯಬೇಕು. ಬೆಳಗಾದರೆ ಹುಳ ಅದಕ್ಕೇ ಇಳಿಯುತ್ತವೆ. ಕಬ್ಬಿನ ರಸ ಎರಿಗೆ ಸೇರಿದರೆ ನಾನು ತೆಗೆಯುವ ತುಪ್ಪ ಜೇನುತುಪ್ಪವಾಗಿ ಉಳಿಯುವುದಿಲ್ಲ.